ಕ್ಯಾಥರೀನಳ ಜೇಬಲ್ಲಿದ್ದದ್ದು

ರಾತ್ರಿ ಹ್ಯಾಲಿ ರೂಬೆನ್‌ಹೋಲ್ಡ್ ಅವರ ‘ದಿ ಫೈವ್’ ಓದ್ತಾ ಕೂತಿದ್ದೆ. 1888ರ ಲಂಡನ್, ವೈಟ್‌ಚಾಪೆಲ್. ಜ್ಯಾಕ್ ದಿ ರಿಪ್ಪರ್ ಕೊಂದ ಐದು ಹೆಂಗಸರ ಬದುಕು. ಕೊಲೆಗಾರ ಯಾರು ಅನ್ನೋ ಗೋಜಿಗೇ ಲೇಖಕಿ ಹೋಗಿಲ್ಲ. ಹಾಗೇ ಬರೀಬೇಕಿತ್ತು.

ಅವರಲ್ಲೊಬ್ಬಳು ಪಾಲಿ ನಿಕೋಲ್ಸ್. ಕೊಲೆಯಾದ ರಾತ್ರಿ ಅವಳ ಹತ್ರ ಮಲಗೋ ಜಾಗಕ್ಕೆ ಕೊಡೋಕೆ ನಾಲ್ಕು ಪೆನ್ನಿ ಇರಲಿಲ್ಲ.

ಇನ್ನೊಬ್ಬಳು ಕ್ಯಾಥರೀನ್ ಎಡೋಸ್. ಅವಳ ಶವದ ಹತ್ರ ಸಿಕ್ಕಿದ್ದನ್ನ ಪೊಲೀಸರು ಪಟ್ಟಿ ಮಾಡಿದ್ರು: ತಗಡಿನ ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ, ಒಂದೇ ಒಂದು ಕೆಂಪು ಕೈಗವಸು, ಮುರಿದ ಕನ್ನಡಕ, ಸಾಸಿವೆ ಡಬ್ಬಿಯೊಳಗೆ ಎರಡು ಗಿರವಿ ಚೀಟಿ. ಒಂದು ಚೀಟಿ, ಜೊತೆಗಾರನ ಬೂಟು ಅಡವಿಟ್ಟಿದ್ದಕ್ಕೆ.

ಸ್ವಂತ ಒಲೆ ಇಲ್ಲದವಳು ಚಹಾ, ಸಕ್ಕರೆ ಜೋಪಾನ ಮಾಡಿದ್ದಳು. ಎಲ್ಲಾದರೂ ಬಿಸಿನೀರು ಸಿಕ್ಕೀತು ಅಂತಲೇ ಇರಬೇಕು. ಅವಳ ಗಾಯಗಳ ವಿವರ ಎಷ್ಟು ಸಲ ಓದಿದ್ದೀನೋ! ಆ ಎರಡು ಡಬ್ಬಿ ಕಣ್ಣಿಗೆ ಬಿದ್ದದ್ದು ಈಗ.