ಕಂಪಿಸಿದ ಕರಸ್ಥಲ

ಇಷ್ಟಲಿಂಗ ಪೂಜೆಗೆ ಕುಳಿತವರಿಗೆ ಮೊದಲು ಬೇಕಾದುದು ನಿಶ್ಚಲವಾದ ಅಂಗೈ. ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು, ಅದರ ಮೇಲೆ ದೃಷ್ಟಿಯನ್ನು ನೆಟ್ಟು, ಉಸಿರನ್ನು ಸಮಗೊಳಿಸಿಕೊಂಡರೆ ಮನಸ್ಸು ತಾನಾಗಿಯೇ ನಿಲ್ಲತೊಡಗುತ್ತದೆ. ಇದನ್ನು ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಲಿತೆನಾದರೂ ಕಣ್ಣಾರೆ ಕಂಡದ್ದು ನನ್ನ ಹಿರಿಯಣ್ಣನವರಲ್ಲಿ. ಅವರು ಶಾಸ್ತ್ರ ಓದಿದವರಲ್ಲ, ಒಕ್ಕಲುತನ ಮಾಡಿದವರು. ಆದರೂ ಬೆಳಗಿನ ಜಾವ ಪೂಜೆಗೆ ಕುಳಿತರೆ ಅವರ ಅಂಗೈ ಕಲ್ಲಿನಲ್ಲಿ ಕಡೆದ ಪೀಠದಂತೆ ಇರುತ್ತಿತ್ತು.

2015ರಲ್ಲಿ ಆ ಅಂಗೈ ಕಂಪಿಸತೊಡಗಿತು. ಮೊದಲು ಹೆಬ್ಬೆರಳು, ಅನಂತರ ಇಡೀ ಹಸ್ತ. ವಿಚಿತ್ರವೆಂದರೆ, ತಂಬಿಗೆ ಎತ್ತುವಾಗ, ಕುಡುಗೋಲು ಹಿಡಿಯುವಾಗ ಕಂಪ ಅಷ್ಟಾಗಿ ಕಾಣುತ್ತಿರಲಿಲ್ಲ. ಕೈ ಸುಮ್ಮನಿರಬೇಕಾದಾಗಲೇ ಅದು ನಡುಗುತ್ತಿತ್ತು. ಪೂಜೆಯೆಂದರೆ ಕೈ ಸುಮ್ಮನಿರಬೇಕಾದ ಹೊತ್ತಲ್ಲವೆ? ಅಂಗೈಯಿಂದ ಲಿಂಗವೆಲ್ಲಿ ಜಾರೀತೋ ಎಂಬ ಭಯ ಅವರನ್ನು ಹಿಡಿಯಿತು. ಒಂದು ದಿನ ಅವರು ಲಿಂಗವನ್ನು ಕರಡಿಗೆಯಿಂದ ಹೊರತೆಗೆಯದೆ, ಎದೆಯ ಮೇಲೆ ಕೈಯಿಟ್ಟುಕೊಂಡು ಪೂಜೆ ಮುಗಿಸಿದರು. ಅತ್ತಿಗೆಯವರು ಅದನ್ನು ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಹುಬ್ಬಳ್ಳಿಯ ನರರೋಗ ತಜ್ಞರು ಅದು ಪಾರ್ಕಿನ್ಸನ್ ರೋಗವೆಂದು ತಿಳಿಸಿದರು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಈ ಹೆಸರು. ನಮ್ಮ ಆಯುರ್ವೇದದವರು ಕಂಪವಾತವೆಂದು ಕರೆಯುವುದು ಇದಕ್ಕೆ ಸಮೀಪದ ವ್ಯಾಧಿ. ಮೆದುಳಿನ ಆಳದಲ್ಲಿ ಕಪ್ಪುಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿನ ಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ಹದಗೊಳಿಸುವ ಪ್ರದೇಶಕ್ಕೆ ಕಳುಹಿಸುತ್ತವೆ. ಆ ಕೋಶಗಳು ಸಾಯುತ್ತ ಬಂದಂತೆ ಕೈ ಕಂಪಿಸುತ್ತದೆ, ನಡಿಗೆ ಮೊಟಕಾಗುತ್ತದೆ, ಮುಖದ ಭಾವ ಮಂಕಾಗುತ್ತದೆ.

ಡೋಪಮೀನನ್ನೇ ನುಂಗಿದರೆ ಪ್ರಯೋಜನವಿಲ್ಲ. ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿರುವ ತಡೆಯನ್ನು ಅದು ದಾಟಲಾರದು. ಅದರ ಪೂರ್ವರೂಪವಾದ ಲೆವೊಡೋಪಾ ಮಾತ್ರ ದಾಟಬಲ್ಲದು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಮೊಲಗಳಿಗೆ ರೆಸರ್ಪಿನ್ ಎಂಬ ವಸ್ತುವನ್ನು ಕೊಟ್ಟು ಅವು ಚಲಿಸದೆ ಬೀಳುವಂತೆ ಮಾಡಿ, ಬಳಿಕ ಡೋಪಾ ಕೊಟ್ಟು ಮತ್ತೆ ಎದ್ದು ಓಡಾಡುವಂತೆ ಮಾಡಿದರು. ಆ ರೆಸರ್ಪಿನ್ ದೊರೆತದ್ದು ನಮ್ಮ ನಾಡಿನ ಸರ್ಪಗಂಧದ ಬೇರಿನಿಂದ. ಆ ಕಾರ್ಯಕ್ಕಾಗಿ ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಪುರಸ್ಕಾರದ ಪಾಲು ಬಂದಿತು.

ಅಣ್ಣನವರಿಗೂ ಅದೇ ಮಾತ್ರೆ. ಮೂರು ವಾರಗಳಲ್ಲಿ ಅಂಗೈ ಬಹುಮಟ್ಟಿಗೆ ನಿಂತಿತು. ಲಿಂಗ ಮತ್ತೆ ಕರಸ್ಥಲಕ್ಕೆ ಬಂದ ದಿನ ಅತ್ತಿಗೆಯವರು ಮನೆಯಲ್ಲಿ ಹೋಳಿಗೆ ಮಾಡಿ ಜಂಗಮರಿಗೆ ಪ್ರಸಾದ ಮಾಡಿಸಿದರು.

ಇನ್ನು ಮುಂದಿನದು ನನ್ನ ತಪ್ಪಿನ ಕಥೆ. 2019ರ ಹೊತ್ತಿಗೆ ಮಾತ್ರೆಯ ಪ್ರಭಾವ ಬೇಗನೆ ಇಳಿಯತೊಡಗಿತ್ತು. ಮಠದಲ್ಲಿ ಸಂಸ್ಕೃತದೊಡನೆ ಅಷ್ಟಿಷ್ಟು ವೈದ್ಯಗ್ರಂಥಗಳನ್ನೂ ಓದಿದವನೆಂಬ ಅಭಿಮಾನ ನನ್ನಲ್ಲಿತ್ತು. ಕಪಿಕಚ್ಛು, ಅಂದರೆ ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ, ವಾತಹರವೆಂದು ಓದಿದ್ದೆ. ಅದರ ಬೀಜದ ಚೂರ್ಣವನ್ನು ತರಿಸಿ, ದಿನಕ್ಕೆರಡು ಬಾರಿ ಹಾಲಿನಲ್ಲಿ ಬೆರೆಸಿ ಕೊಡಿರೆಂದು ಅತ್ತಿಗೆಯವರಿಗೆ ಹೇಳಿದೆ. ವೈದ್ಯರಿಗೆ ತಿಳಿಸುವ ಅಗತ್ಯವಿಲ್ಲ, ಇದು ಬರೀ ಗಿಡಮೂಲಿಕೆ ಎಂದೂ ಸೇರಿಸಿದೆ. ಮಾತ್ರೆಯೂ ನಡೆಯಿತು, ಚೂರ್ಣವೂ ನಡೆಯಿತು.

ಕೆಲವು ದಿನಗಳಲ್ಲಿ ಅಣ್ಣನವರು ಹುರುಪಾದರು. ಅನಂತರ ಕತ್ತು, ಭುಜಗಳು ತಾವಾಗಿಯೇ ಹೊರಳತೊಡಗಿದವು. ಒಂದು ಬೆಳಗು ಪೂಜೆ ಮುಗಿಸಿದವರು ಬಾಗಿಲ ಮೂಲೆಯನ್ನು ತೋರಿಸಿ, "ಆ ಹುಡುಗರು ಆಗಿನಿಂದ ಕುಂತಾವ, ಅವಕ್ಕೂ ಪ್ರಸಾದ ಕೊಡು" ಎಂದರು. ಮೂಲೆಯಲ್ಲಿ ಯಾರೂ ಇರಲಿಲ್ಲ. ಅತ್ತಿಗೆಯವರು ನನ್ನ ಮುಖ ನೋಡಿದರು. ಮರುದಿನವೂ ಆ ಹುಡುಗರು ಬಂದರು, ಅದರ ಮರುದಿನವೂ. ರಾತ್ರಿ ಎದ್ದು ಅವರಿಗೆ ಹೊದಿಕೆ ಹುಡುಕುತ್ತಿದ್ದರು.

ವೈದ್ಯರೆದುರು ನಾನು ಚೂರ್ಣದ ವಿಷಯವನ್ನು ಒಪ್ಪಿಕೊಳ್ಳಬೇಕಾಯಿತು. ಅವರು ಸಿಟ್ಟಾಗಲಿಲ್ಲ. "ಸ್ವಾಮಿ, ನಸುಗುನ್ನಿಯಲ್ಲಿರುವುದೂ ಲೆವೊಡೋಪಾವೇ. 1937ರಲ್ಲಿಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದಾರೆ. ನಾನು ಕೊಟ್ಟ ಔಷಧಕ್ಕೆ ನೀವು ಅದೇ ಔಷಧವನ್ನು ಅಳತೆಯಿಲ್ಲದೆ ಕೂಡಿಸಿದಿರಿ" ಎಂದರು. ನಮ್ಮ ಪೂರ್ವಿಕರ ಗ್ರಂಥದಲ್ಲಿ ತಪ್ಪಿರಲಿಲ್ಲ. ಅದನ್ನು ಅರ್ಧ ಓದಿ ಪೂರ್ಣ ಬಲ್ಲೆನೆಂದು ತಿಳಿದವನಲ್ಲಿ ತಪ್ಪಿತ್ತು.

ಚೂರ್ಣವನ್ನು ನಿಲ್ಲಿಸಿದೆವು. ಹೊರಳಾಟ ಇಳಿಯಿತು, ಹುಡುಗರು ಮಾತ್ರ ಆಗಾಗ ಬರುತ್ತಲೇ ಇದ್ದರು. ಅಂಥ ಭ್ರಮೆಗೆ ಔಷಧದಂತೆಯೇ ರೋಗವೂ ಕಾರಣವಾಗಬಹುದೆಂದು ವೈದ್ಯರು ತಿಳಿಸಿ, ಮಾತ್ರೆಯನ್ನೂ ಸ್ವಲ್ಪ ತಗ್ಗಿಸಬೇಕೆಂದರು. ತಗ್ಗಿಸಿದರೆ ಬುದ್ಧಿ ತಿಳಿಯಾಗುವುದು, ಕೈ ಮತ್ತೆ ನಡುಗುವುದು. ಹೆಚ್ಚಿಸಿದರೆ ಕೈ ನಿಲ್ಲುವುದು, ಮನಸ್ಸು ಕದಡುವುದು. ಒಂದೇ ಔಷಧ ಒಂದೆಡೆ ಅಮೃತವಾಗಿ ಇನ್ನೊಂದೆಡೆ ವಿಷವಾಗುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಅಣ್ಣನವರ ಮೊಮ್ಮಗಳು. ಔಷಧವಿಜ್ಞಾನವನ್ನು ಓದುತ್ತಿದ್ದ ಆಕೆ 2020ರಲ್ಲಿ ಊರಿಗೆ ಬಂದು ಕೆಲವು ತಿಂಗಳು ಇದ್ದಳು. "ಅಜ್ಜಾ, ಔಷಧ ಒಂದೇ, ಅದು ಮುಟ್ಟೋ ಜಾಗ ಬ್ಯಾರೆ ಬ್ಯಾರೆ" ಎಂದು ಆರಂಭಿಸಿದಳು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವೆಲ್ಲ ಒಂದೇ ಜಾತಿಯವಲ್ಲ. ಚಲನೆಯನ್ನು ಹದಗೊಳಿಸುವ ಆ ಒಂದೇ ಪ್ರದೇಶದಲ್ಲಿ ಎರಡು ಮುಖ್ಯ ಬಗೆಯ ಕೋಶಗಳು ಒಂದರ ಮಗ್ಗುಲಲ್ಲಿ ಒಂದು ಕಲಸಿಕೊಂಡಿವೆ. ಒಂದು ಬಗೆಯವು ಚಲನೆಗೆ ಇಂಬು ಕೊಡುತ್ತವೆ, ಇನ್ನೊಂದು ಬಗೆಯವು ಚಲನೆಯನ್ನು ತಡೆಯುತ್ತವೆ. ಬಂಡಿಗೆ ಎತ್ತೂ ಬೇಕು, ತಡೆಯೂ ಬೇಕು. ಡೋಪಮೀನ್ ಮೊದಲನೆಯದನ್ನು ಹುರಿದುಂಬಿಸಿ ಎರಡನೆಯದನ್ನು ಸುಮ್ಮನಿರಿಸುತ್ತದೆ. ಅದು ಬತ್ತಿದಾಗ ತಡೆಯ ಕೋಶಗಳ ಕೈ ಮೇಲಾಗುತ್ತದೆ. ಅದೇ ಡೋಪಮೀನಿಗೆ ಭಾವನೆ, ಗ್ರಹಿಕೆಗಳಿಗೆ ಸಂಬಂಧಿಸಿದ ಬೇರೆ ಪ್ರದೇಶಗಳಲ್ಲಿಯೂ ಕೆಲಸವಿದೆ. ನುಂಗಿದ ಮಾತ್ರೆಗೆ ಯಾವ ವಿಳಾಸವೂ ಇಲ್ಲ. ಕಾಲುವೆಯ ತೂಬು ಎತ್ತಿದರೆ ನೀರು ಬೆಳೆಗೂ ಹೋಗುತ್ತದೆ, ಕಳೆಗೂ ಹೋಗುತ್ತದೆ, ತಗ್ಗಿನಲ್ಲಿದ್ದವರ ಅಂಗಳಕ್ಕೂ ನುಗ್ಗುತ್ತದೆ.

ಹಾಗಾದರೆ ಒಂದು ಬಗೆಯ ಕೋಶಕ್ಕೆ ಮಾತ್ರ ಔಷಧವನ್ನು ಮುಟ್ಟಿಸಲು ಸಾಧ್ಯವೇ? ಅಮೆರಿಕದ ಮೈಕೆಲ್ ಟ್ಯಾಡ್ರಾಸ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಇದಕ್ಕೊಂದು ಉಪಾಯವನ್ನು ಕಂಡುಹಿಡಿದು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಹೆಸರು 'ಡಾರ್ಟ್', ಅಂದರೆ ಚಿಕ್ಕ ಬಾಣ.

ಮೊಮ್ಮಗಳು ಅದನ್ನು ನನಗೆ ಬಿಡಿಸಿ ಹೇಳಿದ ಬಗೆ ಹೀಗೆ. ಮೊದಲು, ರೋಗ ತರದಂತೆ ಮಾಡಿದ ವೈರಾಣುವಿನ ಮೂಲಕ ಇಲಿಯ ಮೆದುಳಿನ ಆಯ್ದ ಬಗೆಯ ಕೋಶಗಳಿಗೆ ಮಾತ್ರ ಒಂದು ಜೀನನ್ನು ಸೇರಿಸುತ್ತಾರೆ. ಆ ಕೋಶಗಳು ತಮ್ಮ ಮೇಲ್ಮೈಯಲ್ಲಿ ಹ್ಯಾಲೋಟ್ಯಾಗ್ ಎಂಬ ಪ್ರೋಟೀನನ್ನು ಬೆಳೆಸಿಕೊಳ್ಳುತ್ತವೆ. ಇದು ಬ್ಯಾಕ್ಟೀರಿಯದ ಒಂದು ಕಿಣ್ವವನ್ನು ತಿದ್ದಿ ಮಾಡಿದ ವಸ್ತು. ಪ್ರಾಣಿಗಳ ಮೆದುಳಿನಲ್ಲಿ ಸಹಜವಾಗಿ ಇರುವುದಲ್ಲ. ಎರಡನೆಯದಾಗಿ, ಔಷಧದ ಅಣುವಿಗೆ ಉದ್ದನೆಯ ಎಳೆಯೊಂದನ್ನು ಕಟ್ಟಿ, ಆ ಎಳೆಯ ತುದಿಗೆ ಹ್ಯಾಲೋಟ್ಯಾಗ್ ಮಾತ್ರ ಹಿಡಿದುಕೊಳ್ಳುವ ಕೊಂಡಿಯೊಂದನ್ನು ಜೋಡಿಸುತ್ತಾರೆ. ಕೊನೆಗೆ, ಆ ಔಷಧವನ್ನು ಬಹಳ ತೆಳುವಾಗಿ ಮೆದುಳಿಗೆ ಬಿಡುತ್ತಾರೆ. ಉಳಿದ ಕೋಶಗಳ ಮೇಲೆ ಪರಿಣಾಮವಾಗಲು ಅಷ್ಟು ಸಾಲದು. ಆದರೆ ಹ್ಯಾಲೋಟ್ಯಾಗ್ ಇರುವೆಡೆ ಕೊಂಡಿ ಸಿಕ್ಕಿಕೊಂಡು, ಕೆಲವೇ ನಿಮಿಷಗಳಲ್ಲಿ ಔಷಧವು ಬೇರೆಡೆಗಿಂತ ನೂರರಿಂದ ಸಾವಿರ ಪಟ್ಟು ದಟ್ಟವಾಗಿ ನಿಲ್ಲುತ್ತದೆ. ಹಸುವನ್ನು ಗೂಟಕ್ಕೆ ಕಟ್ಟಿದರೆ ಹಗ್ಗದಳತೆಯ ಹುಲ್ಲನ್ನಷ್ಟೇ ಮೇಯುವಂತೆ, ಕಟ್ಟಿಹಾಕಿದ ಔಷಧವು ಆ ಕೋಶದ ಗ್ರಾಹಕಗಳ ಮೇಲಷ್ಟೇ ಕೆಲಸ ಮಾಡುತ್ತದೆ.

ಬೆಳಕಿನಿಂದ ಆಯ್ದ ನರಕೋಶಗಳನ್ನು ಎಚ್ಚರಿಸುವ ವಿಧಾನವು 2005ರಿಂದಲೇ ಬಳಕೆಯಲ್ಲಿತ್ತು. ಆದರೆ ಅದು ಇಡೀ ಕೋಶವನ್ನು ಎಬ್ಬಿಸುವುದು ಇಲ್ಲವೆ ಮಲಗಿಸುವುದು. ರೋಗಿಗಳು ನುಂಗುವುದು ಬೆಳಕನ್ನಲ್ಲ, ಔಷಧವನ್ನು. ಯಾವ ಕೋಶದ ಯಾವ ಬಾಗಿಲನ್ನು ಮುಚ್ಚಿದರೆ ರೋಗ ಇಳಿಯುತ್ತದೆ ಎಂದು ತಿಳಿಯಲು ಔಷಧವೇ ಅಲ್ಲಿಗೆ ಹೋಗಬೇಕು. ಆ ವಿಜ್ಞಾನಿಗಳು ಪಾರ್ಕಿನ್ಸನ್ ಲಕ್ಷಣಗಳನ್ನು ಉಂಟುಮಾಡಿದ ಇಲಿಗಳಲ್ಲಿ, ಮೆದುಳಿನ ಹೊರಪದರವೇ ಮೊದಲಾದ ಕಡೆಗಳಿಂದ ಬರುವ ಉದ್ರೇಕದ ಸಂದೇಶವನ್ನು ಸ್ವೀಕರಿಸುವ ಆಂಪಾ ಎಂಬ ಗ್ರಾಹಕವನ್ನು ತಡೆಯ ಕೋಶಗಳ ಮೇಲೆ ಮಾತ್ರ ಮುಚ್ಚಿದರು. ಇಲಿಗಳ ಚಲನೆ ಸುಧಾರಿಸಿತು. ಚಲನೆಯ ಕುಂದಿಗೆ ಆ ಬಗೆಯ ಕೋಶಗಳ ಆ ಗ್ರಾಹಕವೇ ಒಂದು ಕಾರಣವೆಂದು ಹೀಗೆ ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. 2024ರಲ್ಲಿ ಇದೇ ಉಪಾಯದ ಸುಧಾರಿತ ರೂಪ ಹೊರಬಂದಿದೆ. ಅದರಲ್ಲಿ ಉದ್ರೇಕದ ಸಂದೇಶವನ್ನು ತಡೆಯುವ ಔಷಧದ ಜೊತೆಗೆ, ಶಾಂತಗೊಳಿಸುವ ಸಂದೇಶಕ್ಕೆ ಬಲ ತುಂಬುವ ಔಷಧವನ್ನೂ ಹೀಗೆ ಕಟ್ಟಿ ಕಳುಹಿಸುತ್ತಾರೆ.

ಇದೆಲ್ಲವನ್ನೂ ಅಣ್ಣನವರು ಗೋಡೆಗೊರಗಿ ಕೇಳುತ್ತಿದ್ದರು. "ಅದು ನನಗ ಯಾವಾಗ ಸಿಗತದವ್ವಾ?" ಎಂದು ಮೊಮ್ಮಗಳನ್ನು ಕೇಳಿದರು. ಆಕೆ ತಲೆ ತಗ್ಗಿಸಿ, "ಇನ್ನೂ ಇಲಿಗಳ ಮ್ಯಾಲೆ ನಡದೈತಿ ಅಜ್ಜಾ. ಮೆದುಳಿಗೆ ಜೀನ್ ಸೇರಿಸಬೇಕಾಗತದ, ಮನುಷ್ಯರಿಗೆ ಅಷ್ಟು ಸುಲಭ ಅಲ್ಲ. ಈಗಿದು ಮೆದುಳನ್ನ ತಿಳಿಯೋದಕ್ಕ ಹೊರತು ಗುಣ ಮಾಡೋದಕ್ಕಲ್ಲ" ಎಂದಳು. ಸುಳ್ಳು ಆಸೆ ಕೊಡದ ಆಕೆಯ ಮಾತು ನನಗೆ ಮೆಚ್ಚಿಗೆಯಾಯಿತು; ಅಂಥ ಸತ್ಯವನ್ನು ನಾನು ವರ್ಷದ ಹಿಂದೆ ನುಡಿಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಮುಂದಿನವರಿಗಾತು. ಆ ಇಲಿಗಳಿಗೂ ಒಂದು ಶರಣು ಹೇಳಬೇಕು" ಎಂದರು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಪರಂಪರೆಯವರಾದ ನಮಗೆ ಮೂಕಪ್ರಾಣಿಗಳ ಮೇಲಿನ ಪ್ರಯೋಗ ನೋವಿನ ಸಂಗತಿಯೇ ಸರಿ. ಅದರ ಋಣವನ್ನು ನೆನೆಯದೆ ಫಲವನ್ನು ಮಾತ್ರ ಬಯಸಬಾರದೆಂಬುದನ್ನು ನನಗೆ ಕಲಿಸಿದವರು ಶಾಸ್ತ್ರ ಓದದ ಅಣ್ಣನವರು.

ಮಾತ್ರೆಯ ವಿಷಯದಲ್ಲಿ ನಿರ್ಧಾರವನ್ನು ಅವರೇ ಮಾಡಿದರು. "ಕೈ ನಡುಗಿದರ ನಡುಗಲಿ. ಲಿಂಗ ನೋಡುವಾಗ ನಾನು ನೋಡೋದು ಲಿಂಗನೇ ಅನ್ನೋ ಖಾತ್ರಿ ನನಗ ಬೇಕು" ಎಂದರು. ಮಾತ್ರೆ ತಗ್ಗಿತು, ಮೂಲೆಯ ಹುಡುಗರು ಕ್ರಮೇಣ ಬರುವುದನ್ನು ಬಿಟ್ಟರು, ಅಂಗೈ ಮತ್ತೆ ಕಂಪಿಸಿತು. ಆಗ ನಾನು ಪ್ರತಿ ಮುಂಜಾನೆ ಅವರ ಎದುರು ಕುಳಿತು, ನನ್ನ ಬಲಗೈಯನ್ನು ಅವರ ಎಡಗೈಯ ಕೆಳಗೆ ಒಡ್ಡಿ ಹಿಡಿಯತೊಡಗಿದೆ. ಅವರ ಕಂಪನ ನನ್ನ ಕೈಗೆ ಬರುತ್ತಿತ್ತು. ಕೆಲವು ನಿಮಿಷಗಳ ಮೇಲೆ ಎರಡು ಕೈಗಳೂ ಒಂದಾಗಿ ನಿಲ್ಲುತ್ತಿದ್ದವು. ಚೂರ್ಣದ ವಿಷಯವನ್ನು ಅವರು ಒಮ್ಮೆಯೂ ಎತ್ತಲಿಲ್ಲ. 2023ರಲ್ಲಿ ಅವರು ಲಿಂಗೈಕ್ಯರಾಗುವ ಹಿಂದಿನ ದಿನದವರೆಗೂ ಈ ಪೂಜೆ ತಪ್ಪಲಿಲ್ಲ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಕೈ ನಡುಗುವ ಹಿರಿಯರಿರಬಹುದು. ಅವರ ಬಂಧುಗಳಲ್ಲಿ ನನ್ನದೊಂದು ವಿನಂತಿ. ಗಿಡಮೂಲಿಕೆಯಾಗಲಿ ಮಾತ್ರೆಯಾಗಲಿ, ಕೊಡುವುದೆಲ್ಲವನ್ನೂ ವೈದ್ಯರಿಗೆ ತಿಳಿಸಿ. ವೈದ್ಯರನ್ನು ಕೇಳದೆ ಯಾವುದನ್ನೂ ಕೂಡಿಸಬೇಡಿ, ತಟ್ಟನೆ ನಿಲ್ಲಿಸಲೂ ಬೇಡಿ. ಹಿರಿಯರು ಇಲ್ಲದ್ದನ್ನು ಕಂಡೆವೆಂದರೆ ದೆವ್ವವೆನ್ನಬೇಡಿ, ನಗಬೇಡಿ. ಅದೂ ರೋಗದ ಇಲ್ಲವೆ ಔಷಧದ ಮಾತು. ಔಷಧಕ್ಕೆ ಸರಿಯಾದ ವಿಳಾಸವನ್ನು ಬರೆಯುವ ವಿದ್ಯೆ ದೂರದ ನಾಡಿನಲ್ಲಿ ಇನ್ನೂ ಬೆಳೆಯುತ್ತಿದೆ. ಅದು ನಮ್ಮ ಮನೆಯಂಗಳಕ್ಕೆ ಬರುವತನಕ, ನಡುಗುವ ಕೈಯ ಕೆಳಗೆ ಇನ್ನೊಂದು ಕೈಯನ್ನು ಒಡ್ಡುವ ಕಾಯಕ ನಮ್ಮದು.