ಗೋಳಗುಮ್ಮಟದ ಮರುದನಿ

ಹೆತ್ತವರೊಡನೆ ಕೈಗೊಂಡ ಪ್ರವಾಸದ ಸಾರ್ಥಕ್ಯವು ನೋಡಿದ ಸ್ಥಳಗಳ ಸಂಖ್ಯೆಯಲ್ಲಿಲ್ಲ. ವೃದ್ಧ ತಂದೆಯವರನ್ನು ವಿಜಯಪುರಕ್ಕೆ ಕರೆತಂದ ಮಗನೊಬ್ಬನು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು, ಮಲಿಕ್-ಎ-ಮೈದಾನ್ ತೋಪುಗಳನ್ನೆಲ್ಲ ಒಂದೇ ದಿನದಲ್ಲಿ ತೋರಿಸಲು ಹವಣಿಸಿದ್ದನು. 1656ರಲ್ಲಿ ಮುಗಿದ, ಮುಹಮ್ಮದ್ ಆದಿಲಶಾಹನ ಸಮಾಧಿಮಂದಿರವಾದ ಗೋಳಗುಮ್ಮಟದ ಕಡಿದಾದ ಮೆಟ್ಟಿಲುಗಳನ್ನು ಕಂಡೊಡನೆಯೇ ತಂದೆಯವರು, “ನೀನು ಹೋಗಿ ಬಾ; ನನಗೆ ಇಲ್ಲಿಯೇ ತಂಪಾಗಿದೆ” ಎಂದು ಕೆಳಗೆ ಕುಳಿತರು. ಮೇಲಿನ ಮೊಗಸಾಲೆಯನ್ನೇರಿದ ಮಗನು “ಅಪ್ಪಾ” ಎಂದು ಕೂಗಿದನು. ಗುಮ್ಮಟದ ಒಳಮೈಗೆ ತಾಗಿದ ಆ ಕರೆಯು ಮತ್ತೆ ಮತ್ತೆ ಮರುದನಿಗೊಂಡಿತು. ಕೆಳಗೆ ತಂದೆಯವರು ಮೊಗವೆತ್ತಿ ಕೈ ಬೀಸಿದರು. ನೌಕರಿಗೆಂದು ಊರು ಬಿಟ್ಟ ಮೇಲೆ ಅವನು ಹೀಗೆ ಬಾಯ್ತುಂಬ ಕರೆದದ್ದು ಅಪರೂಪ. ಉಳಿದ ಸ್ಥಳಗಳು ಅಂದು ಉಳಿದೇಹೋದವು. ತಂದೆ-ಮಕ್ಕಳು ಸಂಜೆಯವರೆಗೂ ಹೊರಗಿನ ಹುಲ್ಲುಹಾಸಿನ ಮೇಲೆ ಕುಳಿತು ಮಾತನಾಡಿದರು. ಅರಸರ ಕಟ್ಟಡಗಳು ಇನ್ನೂ ಹಲಕಾಲ ಕಾದಿರಬಲ್ಲವು. ಹೆತ್ತವರು ಹಾಗೆ ಕಾಯಲಾರರು.