ನಿಂಬೆಹಣ್ಣಿನಷ್ಟು ದೂರ

ವರ್ಷದಲ್ಲಿ ನಮ್ಮ ಕಾರು ಮಾಡುವ ಅತಿ ಚಿಕ್ಕ ಪ್ರಯಾಣ ಆಯುಧಪೂಜೆಯ ದಿನದ್ದು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಸೇವಂತಿಗೆ ಹಾರ, ಗೇಟಿನಾಚೆ ಕುಂಕುಮ ತುಂಬಿದ ಬೂದುಗುಂಬಳ. ಮಂಗಳಾರತಿ ಆದಮೇಲೆ ನಾನು ಒಳಗೆ ಕೂತು ಸ್ಟಾರ್ಟ್ ಮಾಡಿ ಎರಡಡಿ ಮುಂದೆ ಬಿಡುವುದು, ನಿಂಬೆಹಣ್ಣು ಪಚಕ್ಕೆಂದ ಕೂಡಲೇ ಆಫ್ ಮಾಡಿ ಇಳಿಯುವುದು. ಮಿಕ್ಕ ದಿನಗಳ ಪ್ರಯಾಣವೂ ಇದಕ್ಕಿಂತ ಬಹಳ ಉದ್ದವೇನಲ್ಲ. ಮೈಸೂರಿನ ಸರಸ್ವತೀಪುರಂನಲ್ಲಿ ಮನೆ ಮಾಡಿಕೊಂಡವನಿಗೆ ದೂರ ಎಂಬುದೇ ಇಲ್ಲ. ತರಕಾರಿ, ಔಷಧಿ, ಬ್ಯಾಂಕು, ಮದುವೆ ಛತ್ರ ಎಲ್ಲವೂ ಮೂರು ಕಿಲೋಮೀಟರಿನೊಳಗೆ. ಆರು ವರ್ಷದಲ್ಲಿ ನಮ್ಮ ಕಾರು ಓಡಿರುವುದು 11,000 ಕಿಲೋಮೀಟರ್. ಬೆಂಗಳೂರಿನ ಅಳಿಯ ಒಮ್ಮೆ ಮೀಟರ್ ನೋಡಿ, "ಮಾವ, ಇದು ನನ್ನ ಗಾಡಿಯ ಎಂಟು ತಿಂಗಳ ಲೆಕ್ಕ" ಎಂದಿದ್ದ. ನಾನು ಹೊಗಳಿದನೆಂದುಕೊಂಡಿದ್ದೆ. ಓಡದ ಕಾರು ಸವೆಯದ ಕಾರು ಎಂದು ನನ್ನ ಎಣಿಕೆ.

ಎರಡು ವರ್ಷದ ಹಿಂದೆ ಆ ಎಣಿಕೆಗೆ ಆಯುಧಪೂಜೆಯ ದಿನವೇ ಪೆಟ್ಟು ಬಿತ್ತು. ಕೀ ತಿರುಗಿಸಿದೆ. ಮುಂದಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಮಂಕಾದವು. ಸ್ಪೀಡಿನ ಮುಳ್ಳು ಚಳಿ ಹತ್ತಿದವರ ಹಾಗೆ ನಡುಗಿತು. ಬಾನೆಟ್ಟಿನೊಳಗಿಂದ ಕಟ ಕಟ ಕಟ ಕಟ ಎಂದು ಹಲ್ಲಿ ಲೊಚಗುಟ್ಟಿದಂಥ ಸದ್ದು. ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನಾಕೆ, "ಏನ್ರೀ ಅದು?" ಎಂದಳು. ಎದುರು ಮನೆಯ ಅಜ್ಜಿ ಗೇಟಿಗೊರಗಿ, "ಕುಂಬಳಕಾಯಿ ಸರಿಯಾಗಿ ಒಡೆದಿಲ್ಲ ಅನ್ಸುತ್ತೆ" ಎಂದು ತೀರ್ಪು ಕೊಟ್ಟರು. ಮುಹೂರ್ತ ಮೀರುತ್ತಿತ್ತು. ಪಕ್ಕದ ಮನೆಯ ಇಬ್ಬರು ಹುಡುಗರು ಹಿಂದಿನಿಂದ ತಳ್ಳಿದರು. ನಿಂಬೆಹಣ್ಣು ಒಡೆದವು, ಎಂಜಿನ್ ಏಳಲಿಲ್ಲ. ಮರುದಿನ ವಿಜಯದಶಮಿ. ಊರಿಗೆ ಊರೇ ಜಂಬೂಸವಾರಿ ನೋಡಲು ಹೋಗಿರುವಾಗ ಬ್ಯಾಟರಿ ಅಂಗಡಿ ಯಾರು ತೆರೆದಾರು? ಹಾರ ಬಾಡುವವರೆಗೂ ನಮ್ಮ ಕಾರು ಛತ್ರದಲ್ಲಿ ಒಬ್ಬನೇ ಉಳಿದ ಮದುಮಗನ ಹಾಗೆ ಪೋರ್ಟಿಕೋದಲ್ಲಿ ನಿಂತಿತ್ತು.

ಮೂರನೆಯ ದಿನ ಬ್ಯಾಟರಿಯನ್ನು ಆಟೋದಲ್ಲಿಟ್ಟು ಒಯ್ದೆ. ಅಂಗಡಿಯ ಭಾಯ್ ಆರು ಮುಚ್ಚಳಗಳನ್ನೂ ಎರಡು ರೂಪಾಯಿ ನಾಣ್ಯದಿಂದ ತಿರುವಿ ತೆಗೆದ. ಗಾಜಿನ ಪಿಚಕಾರಿಯಂಥ ಹೈಡ್ರೋಮೀಟರಿನಲ್ಲಿ ಒಂದೊಂದೇ ಮನೆಯ ಆಸಿಡ್ ಹೀರಿ ಬೆಳಕಿಗೆ ಹಿಡಿದ. ಚಾರ್ಜ್ ತುಂಬಿದ ಬ್ಯಾಟರಿಯ ಆಸಿಡ್ ನೀರಿಗಿಂತ ಕಾಲು ಪಾಲಿನಷ್ಟು ಹೆಚ್ಚು ತೂಕ, 1.26ರ ಆಸುಪಾಸು ತೋರಿಸಬೇಕು. ನಮ್ಮದರಲ್ಲಿ ತೇಲುಬುರುಡೆ ಮುಳುಗಿ 1.16ಕ್ಕೆ ಕೂತಿತ್ತು.

"ಪ್ಲೇಟ್ ಹೋಗಿಲ್ಲ ಸಾರ್. ಹೊಟ್ಟೆ ಖಾಲಿ, ಅಷ್ಟೆ. ಗಾಡಿ ಎಷ್ಟು ಓಡಿಸ್ತೀರ?"

"ಆಗಾಗ ತೆಗೀತಾನೇ ಇರ್ತೀನಲ್ಲ ಭಾಯ್."

"ತೆಗೆದಾಗ ಎಲ್ಲಿ ತನಕ?"

"ಅಗ್ರಹಾರದ ತನಕ."

ಅವನು ನಗಲಿಲ್ಲ. ನಕ್ಕಿದ್ದರೆ ಸಮಾಧಾನವಾಗುತ್ತಿತ್ತು.

ಚಾರ್ಜ್ ತುಂಬಿದ ಬ್ಯಾಟರಿಯನ್ನು ಮಾರನೆಯ ದಿನ ತಾನೇ ತಂದು ಕೂರಿಸಿದ. ಬೀಗ ಹಾಕಿಸಿ, ಕಾರಿನ ಕಂಪ್ಯೂಟರ್ ನಿದ್ದೆಹೋಗಲಿ ಎಂದು ಒಂದು ಕಾಫಿಯಷ್ಟು ಹೊತ್ತು ಕಾದು, ನೆಗೆಟಿವ್ ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮೀಟರ್ ಸಿಕ್ಕಿಸಿದ. ಎಲ್ಲ ಆಫ್ ಆಗಿರುವ ಕಾರು 40 ಮಿಲಿಆಂಪ್ ಕುಡಿಯುತ್ತಿತ್ತು. ಗಡಿಯಾರ, ಕಳ್ಳರ ಅಲಾರಮ್ಮು, ರಿಮೋಟಿನ ಕರೆಗೆ ಕಿವಿಗೊಟ್ಟು ಕೂತಿರುವ ಬೀಗ. "ಇದು ನಾರ್ಮಲ್ಲೇ ಸಾರ್" ಎಂದ. ಆ ನಾರ್ಮಲ್ ಎಂಬ ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಹಳೆಯ ಮದುವೆ ಕಾಗದವೊಂದರ ಬೆನ್ನ ಮೇಲೆ ಲೆಕ್ಕಕ್ಕೆ ಕೂತೆ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟಾರು 150 ಆಂಪ್ ಎಳೆಯುತ್ತದೆ ಎನ್ನೋಣ, ಎರಡು ಸೆಕೆಂಡ್. ಅಂದರೆ 300 ಆಂಪ್-ಸೆಕೆಂಡ್. ಗಂಟೆಯ ಲೆಕ್ಕಕ್ಕೆ ತಂದರೆ ಒಂದು ಆಂಪ್-ಗಂಟೆಯಲ್ಲಿ ಹನ್ನೆರಡನೇ ಒಂದು ಪಾಲು. ಅತ್ತ 40 ಮಿಲಿಆಂಪ್ 24 ಗಂಟೆ ಹರಿದರೆ ಹತ್ತಿರ ಹತ್ತಿರ ಒಂದು ಆಂಪ್-ಗಂಟೆ. ಎಂದರೆ ಕಾರು ಒಂದು ದಿನ ಸುಮ್ಮನೆ ನಿಲ್ಲುವುದು ಹನ್ನೆರಡು ಸಲ ಸ್ಟಾರ್ಟ್ ಮಾಡಿದ್ದಕ್ಕೆ ಸಮ! ನಮ್ಮದು 35 ಆಂಪ್-ಗಂಟೆಯ ಬ್ಯಾಟರಿ. 18 ದಿನ ಮುಟ್ಟದೆ ಬಿಟ್ಟರೆ ಅರ್ಧ ಖಾಲಿ. ಬ್ಯಾಟರಿ ಸವೆಯುವುದು ಸೆಲ್ಫ್ ಹೊಡೆದಾಗ ಮಾತ್ರ ಎಂದು ಇಷ್ಟು ವರ್ಷ ನಂಬಿದ್ದವನು ನಾನು. ಕಳ್ಳ ಬೇರೆ ಕಡೆಯಿದ್ದ.

ನಿಂತರೆ ಸೋರುತ್ತದೆ ಎಂಬುದನ್ನು ನನಗೆ ಚಿಕ್ಕಂದಿನಲ್ಲೇ ಅರಸೀಕೆರೆ ಪ್ಯಾಸೆಂಜರ್ ಕಲಿಸಿತ್ತು, ಮರೆತಿದ್ದೆ. ಮೀಟರ್‌ಗೇಜ್ ಕಾಲ. ಬೋಗಿಯ ಅಡಿಯಲ್ಲಿ ಚಕ್ರದ ಅಚ್ಚಿನಿಂದ ಬೆಲ್ಟಿನಲ್ಲಿ ತಿರುಗುವ ಡೈನಮೊ, ಅದರ ಪಕ್ಕ ಬ್ಯಾಟರಿಗಳ ಪೆಟ್ಟಿಗೆ. ಓಡುವಾಗ ಡೈನಮೊ ದೀಪ ಉರಿಸಿ ಬ್ಯಾಟರಿಗೂ ತುಂಬಬೇಕು. ನಿಂತಾಗ ಬ್ಯಾಟರಿ ಉರಿಸಬೇಕು. ಹೊಳೆನರಸೀಪುರದಲ್ಲಿ ಕ್ರಾಸಿಂಗಿಗೆ ಕಾಯುತ್ತ ನಿಂತಿತೆಂದರೆ ಬಲ್ಬು ಮೊದಲು ಅರಿಸಿನ ಬಣ್ಣಕ್ಕೆ, ಆಮೇಲೆ ಬೀಡಿಯ ಕೆಂಡದ ಬಣ್ಣಕ್ಕೆ ಇಳಿಯುತ್ತಿತ್ತು. ಇಸ್ಪೀಟಾಡುವವರು ರಾಜ ಯಾರು ಗುಲಾಮ ಯಾರು ತಿಳಿಯದೆ ಎಲೆ ಮಗುಚಿಡುತ್ತಿದ್ದರು. ಗಾಡಿ ಹೊರಟು ಊರಾಚೆಯ ತೆಂಗಿನ ತೋಟ ದಾಟುವ ಹೊತ್ತಿಗೆ ಬೆಳಕು ಮರಳಿ ಬಂದು, ಯಾರೋ "ಕಳ್ಳಾಟ!" ಎಂದು ಕೂಗುತ್ತಿದ್ದರು.

ಹಾಸನದಲ್ಲಿ ನಮ್ಮ ಸೋದರಮಾವನಿಗೆ ಬಾಡಿಗೆಗೆ ಬಿಡುವ ಅಂಬಾಸಿಡರ್ ಇತ್ತು. ಅದರ ಬ್ಯಾಟರಿ ಇಳಿದರೆ ಮಾವ ಯಾರನ್ನೂ ಕರೆಯುತ್ತಿರಲಿಲ್ಲ. ಡಿಕ್ಕಿಯಿಂದ ಝೆಡ್ ಆಕಾರದ ಕಬ್ಬಿಣದ ಹ್ಯಾಂಡಲ್ ತೆಗೆದು ಬಂಪರಿನ ತೂತಿಗೆ ತೂರಿಸಿ, ಪಂಚೆ ಮೇಲೆ ಕಟ್ಟಿ ಒಂದೇ ಎಳೆತ. ನನಗೆ ಹದಿನಾರು ತುಂಬಿದಾಗ ಆ ವಿದ್ಯೆ ಹೇಳಿಕೊಟ್ಟ: "ಹೆಬ್ಬೆರಳನ್ನ ಸುತ್ತಿ ಹಿಡೀಬೇಡ್ವೋ. ಮಿಕ್ಕ ಬೆರಳಿನ ಜೊತೆಗೇ ಒಂದೇ ಕಡೆ ಇರ್ಲಿ. ಕೆಳಕ್ಕೆ ಒತ್ತಬೇಡ, ಮೇಲಕ್ಕೆ ಎಳಿ." ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕು, ಹೆಬ್ಬೆರಳು ಸುತ್ತಿಕೊಂಡಿದ್ದರೆ ಅದೂ ಜೊತೆಗೆ ಹೋಗುತ್ತದೆ. ಮಾವನ ಬಲಮಣಿಕಟ್ಟು ಸೊಟ್ಟಗಿದ್ದುದು ಏಕೆಂದು ಅವತ್ತೇ ನನಗೆ ತಿಳಿದದ್ದು.

ಅಮೆರಿಕದಲ್ಲೂ ಈ ಒದೆತಕ್ಕೆ ಮುರಿದ ಕೈಗಳಿಗೆ ಲೆಕ್ಕವಿರಲಿಲ್ಲ. ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಅವರು ಓಡಿಸುತ್ತಿದ್ದುದು ಗಂಡನ ಕಾರ್ಖಾನೆಯ ಮಾಡೆಲ್ ಟಿ ಅಲ್ಲ, ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು. ಅದಕ್ಕೆ ಹ್ಯಾಂಡಲ್ ಹೊಡೆಯುವ ಗೋಜಿಲ್ಲ. (ಫೋರ್ಡ್ ಸಾಹೇಬರಿಗೆ ಮನೆಯಲ್ಲಿ ಎಷ್ಟು ಬೆಲೆಯಿತ್ತೆಂದು ಊಹಿಸಿಕೊಳ್ಳಿ.) ಕೊನೆಗೆ ಆ ಒದೆತ ತಪ್ಪಿಸಿದವರು ಚಾರ್ಲ್ಸ್ ಕೆಟರಿಂಗ್. ಅಂಗಡಿಯ ಗಲ್ಲಾಪೆಟ್ಟಿಗೆಗೆ ವಿದ್ಯುತ್ ಮೋಟಾರು ಕೂಡಿಸಿದ್ದ ಎಂಜಿನಿಯರ್ ಅವರು. ಗಲ್ಲಾ ತೆರೆಯಲು ಕ್ಷಣಮಾತ್ರ ಜೋರು ಸಾಕು, ದಿನವಿಡೀ ತಿರುಗುವ ದೊಡ್ಡ ಮೋಟಾರು ಬೇಡ. ಎಂಜಿನ್ ಎಬ್ಬಿಸುವುದೂ ಹಾಗೆಯೇ ಎಂಬುದು ಅವರಿಗೆ ಹೊಳೆದ ಸಂಗತಿ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಎಂಜಿನ್ ಎಬ್ಬಿಸಿದ ಮೋಟಾರೇ, ಎಂಜಿನ್ ಓಡತೊಡಗಿದ ಮೇಲೆ ಜನರೇಟರ್ ಆಗಿ ಬ್ಯಾಟರಿಗೆ ಸಾಲ ತೀರಿಸುತ್ತಿತ್ತು. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರದಲ್ಲಿ ಒಂದು ಸಣ್ಣ ಷರತ್ತು ಅಡಗಿತ್ತು: ಸಾಲ ತೀರುವಷ್ಟು ದೂರ ನೀವು ಹೋಗಬೇಕು.

ಅಗ್ರಹಾರ ಅಷ್ಟು ದೂರವಿಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸಿನಲ್ಲಿ ತುಂಬುತ್ತದೆ, ನಿಜ. ಆದರೆ ಬ್ಯಾಟರಿ ಮೊದಮೊದಲು ಗಬಗಬನೆ ಕುಡಿದು, ತುಂಬುತ್ತ ಬಂದಂತೆ ಗುಟುಕರಿಸತೊಡಗುತ್ತದೆ. ಭತ್ತದ ಮೂಟೆಗೆ ಕೊನೆಯ ಎರಡು ಸೇರನ್ನು ಕುಲುಕಿ ಕುಲುಕಿ ಇಳಿಸುತ್ತೇವಲ್ಲ, ಹಾಗೆ ಕೊನೆಯ ಐದನೇ ಒಂದು ಪಾಲಿಗೆ ಗಂಟೆಗಟ್ಟಲೆ ಬೇಕು. ನನ್ನ ಹತ್ತು ನಿಮಿಷದ ಸವಾರಿಯಲ್ಲಿ ನಾಲ್ಕು ನಿಮಿಷ ಸಿಗ್ನಲ್ಲಿಗೆ. ಉಳಿದದ್ದರಲ್ಲಿ ಎಸಿ, ಹೆಡ್‌ಲೈಟು, ಮಳೆಯಿದ್ದರೆ ವೈಪರು ಪಾಲು ಕೇಳುತ್ತವೆ. ಮೂಟೆ ಯಾವತ್ತೂ ಬಾಯಿ ಹೊಲಿಯುವ ಮಟ್ಟಕ್ಕೆ ತುಂಬುವುದೇ ಇಲ್ಲ. ಹಾಗೆ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯೊಳಗೆ ಇನ್ನೊಂದು ಕೇಡು ನಡೆಯುತ್ತಿರುತ್ತದೆ. ವಿದ್ಯುತ್ತು ಕೊಡುವಾಗ ಎರಡೂ ಬಗೆಯ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ಡು ನೀರಾಗುತ್ತ ಹೋಗುತ್ತದೆ. ಚಾರ್ಜ್ ಮಾಡಿದರೆ ಎಲ್ಲ ಮೊದಲಿನಂತೆ. ಗಡುಸು ನೀರು ಕಾಯಿಸುವ ಹಂಡೆಯಲ್ಲಿ ಉಪ್ಪು ಕಟ್ಟುತ್ತದಲ್ಲ, ಅಂದಂದೇ ಉಜ್ಜಿದರೆ ಹೋಗುತ್ತದೆ, ಆರು ತಿಂಗಳು ಬಿಟ್ಟರೆ ಹುಣಸೆಹಣ್ಣಿಗೂ ಜಗ್ಗುವುದಿಲ್ಲ. ಸಲ್ಫೇಟಿನ ಹರಳೂ ಹಾಗೆಯೇ, ಬಿಟ್ಟಷ್ಟೂ ಕಲ್ಲು.

ಈ ಪ್ಲೇಟುಗಳ ಮೂಲಪುರುಷ ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ. 1859ರಲ್ಲಿ ಎರಡು ಸೀಸದ ಹಾಳೆಗಳ ನಡುವೆ ಬಟ್ಟೆಯಿಟ್ಟು, ಪತ್ರೊಡೆಯ ಎಲೆ ಸುತ್ತಿದ ಹಾಗೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದರು. ತುಂಬಲು ಅಂದು ಆಲ್ಟರ್ನೇಟರ್ ಎಲ್ಲಿತ್ತು? ಒಂದು ಸಲ ಮಾತ್ರ ಬಳಸುವ ಬೇರೆ ಬ್ಯಾಟರಿಗಳಿಂದ ಇದಕ್ಕೆ ತುಂಬಬೇಕಿತ್ತು. ಕೈಸಾಲ ತಂದು ಹುಂಡಿಗೆ ಹಾಕಿದಂತೆ. ಹೊಸ ಸುರುಳಿ ಒಂದೇ ಸಲಕ್ಕೆ ಹೆಚ್ಚು ಹಿಡಿಸುತ್ತಲೂ ಇರಲಿಲ್ಲ. ತುಂಬಿ ಖಾಲಿ ಮಾಡಿ, ತಿರುಗಿ ತುಂಬಿ, ತಿಂಗಳುಗಟ್ಟಲೆ ಪಳಗಿಸಬೇಕಿತ್ತು. 1881ರಲ್ಲಿ ಕಾಮಿಲ್ ಫೋರ್ ಎಂಬುವರು ಪ್ಲೇಟಿಗೆ ಸೀಸದ ಆಕ್ಸೈಡಿನ ಲೇಪ ಬಳಿದು ಆ ಕಾಯುವಿಕೆಯನ್ನು ಮೊಟಕು ಮಾಡಿದರು. ಒಳಗಿನ ರಸಾಯನ ಮಾತ್ರ ಇವತ್ತಿಗೂ ಅದೇ. ನಮ್ಮ ಕಾಲದ ವಿಜ್ಞಾನ ಮೇಷ್ಟ್ರು ಇದಕ್ಕೆ ಸಂಚಾಯಕ ಎನ್ನುತ್ತಿದ್ದರು. ಆ ಹೆಸರಿನಲ್ಲಿ ಸಂಚಾರವೂ ಅರ್ಧ ಇದೆ ಎಂಬುದು ನನಗೆ ಈಗ ಕಾಣುತ್ತಿದೆ.

ಚಿಕ್ಕ ಪ್ರಯಾಣಕ್ಕೆಂದೇ ಹುಟ್ಟಿದ ಕಾರೊಂದು ನಮ್ಮ ರಾಜ್ಯದಲ್ಲೇ ಇತ್ತು. 2001ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ರೇವಾ. ಸೀಟಿನಡಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಜಯನಗರದಲ್ಲಿ ಅದನ್ನು ಮೊದಲು ಕಂಡಾಗ ಆಟಿಕೆ ಎಂದು ನಕ್ಕವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ ಅದರ ಬಾಳ್ವೆಯಲ್ಲಿ ಒಂದು ನೇರ ನಡೆ ಇತ್ತು: ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದರು. ಸಣ್ಣ ಓಡಾಟದ ಬ್ಯಾಟರಿಗೆ ಬೇಕಾದದ್ದು ಅದೇ. ನನ್ನ ಕಾರಿನದಾದರೋ ಸ್ಟಾರ್ಟ್ ಮಾಡಲಿಕ್ಕೆಂದೇ ಮಾಡಿದ ತೆಳು ಪ್ಲೇಟಿನ ಬ್ಯಾಟರಿ. ಒಂದೇ ಗುಕ್ಕಿಗೆ ಜೋರು ಕೊಡುತ್ತದೆ, ತಳ ಕಾಣುವವರೆಗೆ ಬರಿದುಮಾಡಿದರೆ ಸಹಿಸುವುದಿಲ್ಲ.

ಹೀಗಾಗಿ ನಮ್ಮ ಮನೆಗೊಂದು ಚಾರ್ಜರ್ ಬಂತು, ಟಿಫಿನ್ ಡಬ್ಬಿಯಷ್ಟು ದೊಡ್ಡದು. ತಿಂಗಳಿಗೊಂದು ಸಲ ರಾತ್ರಿಯಿಡೀ ಹಾಕಿಡುತ್ತೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಊದುಬತ್ತಿಯೂ ಕೂಡದೆಂದು ನನ್ನಾಕೆಗೆ ಕಟ್ಟಪ್ಪಣೆ. ಜೊತೆಗೊಂದು ಮೀಟರ್. ರಾತ್ರಿ ನಿಂತ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12 ಅಂದರೆ ತಳ ಹತ್ತಿರ. ಒಂದು ದಿನ ಫೋನಿನಲ್ಲಿ ಮಗಳಿಗೆ ನನ್ನಾಕೆ, "ನಿಮ್ಮಪ್ಪಂದು ಇವತ್ತು ಹನ್ನೆರಡೂವರೆಗೆ ಇಳಿದಿದೆ, ಮಂಕಾಗಿದ್ದಾರೆ" ಎನ್ನುತ್ತಿದ್ದಳು. ಹಿಮೋಗ್ಲೋಬಿನ್ ಎಂದುಕೊಂಡ ಮಗಳು ಖರ್ಜೂರದ ಪೊಟ್ಟಣ ಕಳಿಸಿದಳು.

ನಾನು ಬಿಟ್ಟ ಒಂದು ಅಭ್ಯಾಸವನ್ನೂ ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ನಮ್ಮ ಬೀದಿಯವರೆಲ್ಲ ಬೆಳಗ್ಗೆ ಏಳಕ್ಕೆ ಲುಂಗಿಯಲ್ಲೇ ಬಂದು ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಗುರುಗುಟ್ಟಿಸಿ ಒಳಗೆ ಹೋಗುತ್ತಿದ್ದೆವು, ಸಂಧ್ಯಾವಂದನೆಯ ಹಾಗೆ. ಲಾಕ್‌ಡೌನ್ ಹೋದರೂ ನನ್ನ ವ್ರತ ಬಹುಕಾಲ ಉಳಿದಿತ್ತು. ನಿಂತಲ್ಲೇ ನಿಧಾನ ತಿರುಗುವ ಎಂಜಿನ್ನಿನಿಂದ ಆಲ್ಟರ್ನೇಟರ್ ಕೊಡುವುದು ಕಮ್ಮಿ, ಐದು ನಿಮಿಷವಂತೂ ಏನಕ್ಕೂ ಸಾಲದು. ಪೆಟ್ರೋಲು ಸುಟ್ಟು ಮನಸ್ಸಿಗೆ ಚಾರ್ಜ್ ಮಾಡಿಕೊಳ್ಳುತ್ತಿದ್ದೆವು, ಬ್ಯಾಟರಿಗಲ್ಲ.

"ಚಾರ್ಜರ್ ಇದ್ರೂ ವಾರಕ್ಕೊಂದ್ಸಲ ಮುಕ್ಕಾಲು ಗಂಟೆ ಒಂದೇ ಸಮ ಓಡ್ಸಿ ಸಾರ್, ಎಂಜಿನ್ನಿಗೂ ಒಳ್ಳೇದು" ಎಂದಿದ್ದ ಭಾಯ್. ಒಂದೇ ಸಮ ಓಡಿಸುವ ರಸ್ತೆ ಯಾವುದು ಎಂದು ನೋಡಿದರೆ ನಂಜನಗೂಡು ಸಿಕ್ಕಿತು. ಹೋಗಲು 24 ಕಿಲೋಮೀಟರಿನ ಆಸುಪಾಸು, ಬರಲು ಅಷ್ಟೇ. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿಮಾಡಿ ಹಕೀಮ್ ನಂಜುಂಡ ಎನಿಸಿಕೊಂಡ ಕಥೆಯಿರುವ ವೈದ್ಯ ದೇವರು. ಬ್ಯಾಟರಿ ಒಯ್ದರೆ ಬೇಡ ಎನ್ನುತ್ತಾನೆಯೇ? ಪ್ರತಿ ಸೋಮವಾರ ಹೊರಡುತ್ತೇವೆ. ಎದುರು ಮನೆಯ ಅಜ್ಜಿ ಊರಿಗೆಲ್ಲ, "ಆ ನಿಂಬೆಹಣ್ಣಿನ ಗಲಾಟೆ ಆದ್ಮೇಲೆ ಅವರಿಗೆ ದೈವಭಕ್ತಿ ಬಂತು" ಎಂದು ಹೇಳಿಕೊಂಡು ಬಂದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಎಸಿಯನ್ನು ಮಾತ್ರ ಹಾಕುವುದಿಲ್ಲ, ಆಲ್ಟರ್ನೇಟರ್ ದುಡಿದದ್ದೆಲ್ಲ ಬ್ಯಾಟರಿಗೇ ಸೇರಲಿ ಎಂದು. ಏಪ್ರಿಲ್ ಬಿಸಿಲಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನಾಕೆ ಕೇಳಿದ್ದುಂಟು: "ನಾವು ಬರ್ತಿರೋದು ದೇವರಿಗೋ, ಬ್ಯಾಟರಿಗೋ?"

ಹೋದ ಸೋಮವಾರ ಹಿಂದಿರುಗುವಾಗ ರಸ್ತೆ ಬದಿಯಲ್ಲಿ ಬುಟ್ಟಿಯೊಂದರಲ್ಲಿ ರಸಬಾಳೆ ಕಂಡಿತು. ನಿಲ್ಲಿಸಿ ಎಂದಳು. ನಿಲ್ಲಿಸಿದೆ. ಅಭ್ಯಾಸಬಲದಿಂದ ಕೀಗೆ ಕೈ ಹೋಯಿತು.

"ಆಫ್ ಮಾಡ್ಬೇಡ್ರೀ," ಎಂದಳು ಬಾಗಿಲು ತೆಗೆಯುತ್ತ, "ತುಂಬ್ಕೊಳ್ತಾ ಇರ್ಲಿ. ಎರಡು ಚಿಪ್ಪು ತಗೊಂಡು ಬಂದೆ."

ನಿಂತು ಗುರುಗುಟ್ಟಿದರೆ ತುಂಬುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಚೌಕಾಸಿ ಹತ್ತು ನಿಮಿಷ ನಡೆಯಿತು.